ಒಂದೇ ಸುತ್ತಿನ ಗಂಟು

ಕಾಡು ನೋಡಬೇಕು ಅಂತ ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಎರಡು ದಿನದ ಸಂಗತಿಯಲ್ಲಿ ನಾನು ಸಮಯಕ್ಕೆ ಸರಿಯಾಗಿ ಒಪ್ಪಿಕೊಂಡದ್ದು ಏನೂ ಇಲ್ಲ, ಇದಾದರೂ ಇರಲಿ.

ಆಗ ನನಗೆ ಹತ್ತೊಂಬತ್ತು. ಹುಟ್ಟಿದ್ದು ಉಡಿಗಾಲ, ಕೊಟ್ಟಿದ್ದು ಹರದನಹಳ್ಳಿಗೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ರಸ್ತೆ ಕೆಲಸದ ಓವರ್‌ಸಿಯರ್ ಆಗಿದ್ದರಿಂದ ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಐವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಊಟಿ ರಸ್ತೆಯ ಮೋರಿಗಳ ರಿಪೇರಿ ಬಂತು. ಬಂಡೀಪುರದ ಪಾರ್ಕಿನಲ್ಲಿ ಸಾಹೇಬರುಗಳು ಇಳಿದುಕೊಳ್ಳುವ ಮರದ ಮನೆಗಳಿದ್ದವಲ್ಲ, ಅದರಲ್ಲೊಂದನ್ನು ಇವರಿಗೆ ಎರಡು ದಿನಕ್ಕೆ ಬಿಟ್ಟುಕೊಟ್ಟರು. ನಾನೂ ಬರ್ತೀನಿ ಅಂದೆ. ಅಷ್ಟು ಹತ್ತಿರದಲ್ಲಿ ಬೆಳೆದೂ ಆನೆಯನ್ನು ಮೆರವಣಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಇವರು ಬೇಡ ಅಂದರು, ನಾನು ಮುಖ ಊದಿಸಿಕೊಂಡೆ. ಕೊನೆಗೆ ವಿಷಯ ಹರದನಹಳ್ಳಿಗೆ ಮುಟ್ಟಿ ಅತ್ತೆಯೇ ಬಂದುಬಿಟ್ಟರು.

"ಅವ್ನು ಕೆಲ್ಸಕ್ಕೋದ್ರೆ ಆ ಕಾಡಲ್ಲಿ ನೀನೊಬ್ಳೇ ಕೂತ್ಕಂಡು ಏನ್ ಮಾಡೀಯೆ ಕಣಮ್ಮಿ? ನಡಿ, ನಾನೂ ಬತ್ತೀನಿ" ಅಂದರು.

ಅತ್ತೆಗೆ ಅರವತ್ತು ದಾಟಿತ್ತು. ತೆಳ್ಳಗಿನ ಮೈ, ಆಗಾಗ ತಲೆಸುತ್ತು, ಆದರೆ ಮಾತು ಮಾತ್ರ ಕಡೆಯವರೆಗೂ ಗಟ್ಟಿ. ನಮ್ಮದು ಲಿಂಗ ಕಟ್ಟುವ ಮನೆತನ. ಅತ್ತೆಯ ಎದೆಯ ಮೇಲೆ ದಾರಕ್ಕೆ ಕಟ್ಟಿದ ಒಂದು ಬೆಳ್ಳಿಯ ಕರಡಿಗೆ ಇರುತ್ತಿತ್ತು, ನಿಂಬೆಹಣ್ಣಿನಷ್ಟು ದಪ್ಪ. ಅದರೊಳಗೆ ಅವರ ಇಷ್ಟಲಿಂಗ. ಕೂಸಿಗೆ ಕಟ್ಟಿದ್ದು ಮಣ್ಣಿಗೆ ಹೋಗುವವರೆಗೂ ಮೈಮೇಲಿಂದ ಇಳಿಯಬಾರದು. ಬೆಳಿಗ್ಗೆ ಮಿಂದು, ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಆಮೇಲೆಯೇ ಒಂದು ಗುಟುಕು ನೀರು. ನಾನೂ ಕಟ್ಟಿಕೊಂಡವಳೇ, ಆದರೆ ನನ್ನ ಪೂಜೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು. ಅತ್ತೆಯದು ಹಾಗಲ್ಲ. ಜ್ವರ ಬಂದು ಬಾಯಿ ಒಣಗುತ್ತಿದ್ದಾಗಲೂ ಪೂಜೆಯಾಗದೆ ಅವರು ನೀರು ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

ಊಟಿ ಬಸ್ಸು ನಮ್ಮನ್ನು ಮಧ್ಯಾಹ್ನ ಇಳಿಸಿ ಹೋಯಿತು. ಮನೆ ಅಂದರೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆ, ಮೇಲೆ ಹೆಂಚು. ದಿಮ್ಮಿಗಳ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಬೆಳಕು ಬರುವ ಕಡೆ ಏನೇನು ಬರಬಹುದು ಅಂತ ನನಗೆ ಅಲ್ಲೇ ಯೋಚನೆ ಶುರುವಾಯಿತು. ಸುತ್ತ ಆನೆ ದಾಟದಂತೆ ತೋಡಿದ ಕಂದಕ. ಹಿಂದುಗಡೆ ಮೂವತ್ತು ಹೆಜ್ಜೆ ದೂರದಲ್ಲಿ ಬಿದಿರು ತಡಿಕೆಯ ಬಚ್ಚಲು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ನಮ್ಮ ಪಾಡಿಗೇನೂ ಸಂಬಂಧವಿಲ್ಲದ ಹಾಗೆ ಕೂತಿತ್ತು.

ಆ ಮನೆಗಳನ್ನು ನೋಡಿಕೊಳ್ಳಲು ಒಬ್ಬ ಮೇಟಿ ಇದ್ದ. ಹಂಗಳದವನು, ಐವತ್ತರ ಆಸುಪಾಸು, ಮಾಸಿದ ಖಾಕಿ ಅಂಗಿ. ನೀರು ತುಂಬುವುದು, ಲಾಟೀನು ಒರೆಸುವುದು, ಸೌದೆ ಒಡೆಯುವುದು ಎಲ್ಲ ಅವನೇ. ನಮ್ಮ ಕೊರಳ ದಾರ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ಹೊತ್ ಮುಳುಗಿದ್ ಮ್ಯಾಲೆ ಒಸಲು ದಾಟ್ಬ್ಯಾಡಿ ಅವ್ವಾ. ದೊಡ್ಡೋರು ಬತ್ತರೆ."

"ದೊಡ್ಡೋರು ಅಂದ್ರೆ? ರೇಂಜರಾ?" ಅಂದೆ.

ಅವನು ನಗುತ್ತಾ ಕೈಯನ್ನು ಮೂಗಿನ ಮುಂದೆ ಸೊಂಡಿಲ ಹಾಗೆ ಆಡಿಸಿದ. ಕಾಡಿನಲ್ಲಿ ಅದರ ಹೆಸರು ಹೇಳಿ ಕರೆಯಬಾರದಂತೆ. ಕಾಡು ನೋಡುವ ಆಸೆ ಆ ಗಳಿಗೆಯಲ್ಲೇ ತೀರಿಹೋಯಿತು ಅಂದರೆ ಸುಳ್ಳಲ್ಲ.

ಸಂಜೆ ಅತ್ತೆ ತಮ್ಮ ಕೊರಳ ದಾರ ತೋರಿಸಿದರು. ಬಸ್ಸಿನ ಕಿಟಕಿಯ ಕಂಬಿಗೆ ಸಿಕ್ಕಿ ಒಂದು ಎಳೆ ಕಿತ್ತುಬಂದಿತ್ತು. "ಬೇರೇದು ಹೊಸ್ದು ಕಟ್ಬುಡಮ್ಮಿ" ಅಂದರು. ಲಿಂಗದ ದಾರ ಹೊಸೆಯುವುದು ನಮ್ಮಲ್ಲಿ ಸೊಸೆಯ ಕೆಲಸ. ಹತ್ತಿಯ ನೂಲನ್ನು ತೊಡೆಯ ಮೇಲೆ ಹೊಸೆದು, ಮೂರು ಎಳೆ ಸೇರಿಸಿ, ಮೇಣ ತೀಡಿ, ಕೊನೆಗೆ ಗಂಟನ್ನು ಎರಡು ಸುತ್ತು ಹಾಕಿ ಬಿಗಿಯಬೇಕು. ಮೇಣ ಹಚ್ಚಿದ ದಾರ ನುಣುಪು ನೋಡಿ, ಒಂದೇ ಸುತ್ತಿನ ಗಂಟಾದರೆ ಜಾರುತ್ತದೆ. ಇದನ್ನು ಮನೆ ತುಂಬಿಸಿಕೊಂಡ ವಾರವೇ ಅತ್ತೆ ಕೈಹಿಡಿದು ಕಲಿಸಿದ್ದರು.

ಜಗಲಿಯಲ್ಲಿ ಕೂತು ಹೊಸೆದೆ, ಮೇಣ ತೀಡಿದೆ. ಗಂಟು ಹಾಕುವ ಹೊತ್ತಿಗೆ ಕಂದಕದ ಆಚೆ ಬಿದಿರು ಮೆಳೆಯಲ್ಲಿ ಫಟಾರ್ ಅಂತ ಏನೋ ಮುರಿಯಿತು. ಅಯ್ಯೋ ಶಿವನೇ ಅಂತ ದಾರವನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಓಡಿದೆ. ಬಾಗಿಲಿಗೆ ಬೆನ್ನು ಕೊಟ್ಟು, ಅವಸರದಲ್ಲಿ ಕರಡಿಗೆಯನ್ನು ಹೊಸ ದಾರಕ್ಕೆ ಪೋಣಿಸಿ, ಒಂದೇ ಸುತ್ತು ಹಾಕಿ ಎಳೆದು ಅತ್ತೆಯ ಕೊರಳಿಗೆ ಕಟ್ಟಿದೆ.

"ಎರಡು ಸುತ್ತು ಹಾಕ್ದೇನಮ್ಮಿ?"

"ಹೂಂ ಅತ್ತೆ."

ಬಿಚ್ಚಿ ಮತ್ತೆ ಹಾಕಿದ್ದರೆ ಅರೆಗಳಿಗೆಯ ಕೆಲಸ. ಬೆಳಿಗ್ಗೆ ಎದ್ದು ಸರಿಮಾಡಿದರಾಯಿತು ಅಂದುಕೊಂಡೆ.

ಬೆಳಿಗ್ಗೆ ನನಗೆ ಎಚ್ಚರವಾಗುವಷ್ಟರಲ್ಲಿ ಅತ್ತೆ ಮಿಂದು ಬಂದು, ಸೀರೆಯುಟ್ಟು, ವಿಭೂತಿ ಹಚ್ಚಿ, ಪೂಜೆಗೆ ಕೂರುತ್ತಿದ್ದರು. ಯಜಮಾನರು ಮಬ್ಬಿನಲ್ಲೇ ಲಾರಿ ಹತ್ತಿ ಮೋರಿ ಕೆಲಸಕ್ಕೆ ಹೋಗಿಯಾಗಿತ್ತು. ಅತ್ತೆಯ ಕೈ ಸೆರಗಿನೊಳಗೆ ಹೋಯಿತು. ಒಮ್ಮೆ ತಡಕಿತು. ಇನ್ನೊಮ್ಮೆ ತಡಕಿತು. ಅವರ ಮುಖ ಬೂದಿಯಾದದ್ದನ್ನು ನಾನು ಹಾಸಿಗೆಯಲ್ಲಿ ಕೂತೇ ನೋಡಿದೆ. ಏನಾಯಿತು ಅಂತ ಕೇಳುವ ಅಗತ್ಯವೇ ಇರಲಿಲ್ಲ.

"ಲಿಂಗ ಇಲ್ಲ ಕಣಮ್ಮಿ" ಅಂದರು.

ಹಾಸಿಗೆ ಕೊಡವಿದೆವು, ಚಾಪೆ ಮಗುಚಿದೆವು, ನೆಲದ ಹಲಗೆಗಳ ಸಂದಿಗೆ ಕಡ್ಡಿ ಹಾಕಿ ಕೆದಕಿದೆವು. ಇಲ್ಲ. ಹಾಗಾದರೆ ಬಚ್ಚಲ ದಾರಿಯಲ್ಲೇ ಬಿದ್ದಿರಬೇಕು. ಹೊರಡುವ ಮುಂಚೆ ಅತ್ತೆ ನನ್ನ ರಟ್ಟೆ ಹಿಡಿದರು. "ಯಾರಿಗೂ ಬಾಯಿ ಬುಡ್ಬೇಡ. ಆ ಮೇಟಿಗೂ ಹೇಳ್ಬೇಡ. ಈ ವಯಸ್ನಲ್ಲಿ ಲಿಂಗ ಕಳ್ಕಂಡೋಳು ಅಂತ ನಾಕು ಜನದ ಬಾಯಿಗೆ ಬೀಳೋದು ಬೇಡ ನಂಗೆ."

ತಲೆ ಬಾಚದೆ, ಕೂದಲು ಬಿಚ್ಚಿಕೊಂಡೇ ಹೊರಗೋಡಿದೆ. ಹತ್ತು ಹೆಜ್ಜೆ ಹೋಗಿಲ್ಲ, ಮೇಟಿ ಕೋಲು ಹಿಡಿದು ದಾರಿಗೆ ಅಡ್ಡ ನಿಂತಿದ್ದ.

"ಇತ್ಲಾಗೆ ಬರ್ಬ್ಯಾಡಿ ಕಣವ್ವಾ."

"ಯಾಕೆ? ಏನಿದೆ ಅಲ್ಲಿ?"

ಅವನು ನನ್ನ ಬಿಚ್ಚಿದ ಕೂದಲು ನೋಡಿದ, ಥಟ್ಟನೆ ನೆಲ ನೋಡಿದ. "ಯಜಮಾನ್ರು ಬರ್ಲಿ, ಅವ್ರಿಗೇಳ್ತೀನಿ. ನೀವು ಅಲ್ಲೇ ಜಗ್ಲಿ ಮ್ಯಾಲೇ ಇರಿ."

ದೊಡ್ಡವರು ಬಂದಿದ್ದಾರೋ, ಹಾವಿದೆಯೋ, ಚಿರತೆ ಮಲಗಿದೆಯೋ! ವಾಪಸ್ಸು ಬಂದು ಜಗಲಿಯ ಮೂಲೆಯಲ್ಲಿ ಕೂತೆ. ಒಳಗೆ ಹೋಗಿ ಅತ್ತೆಯ ಮುಖ ನೋಡುವ ಧೈರ್ಯವಿರಲಿಲ್ಲ. ಒಳಗೆ ಹೋದರೆ ಆ ಗಂಟಿನ ಮಾತು ಬರುತ್ತದೆ. ಸ್ನಾನವಿಲ್ಲ, ಪೂಜೆಯಿಲ್ಲ, ಊಟವಿಲ್ಲ, ಆ ಮೂಲೆಯಲ್ಲೇ ಕೂತೆ.

ಸ್ವಲ್ಪ ಹೊತ್ತಿಗೆ ಮೇಟಿ ಒಂದು ಬಿಂದಿಗೆ ನೀರು ತಂದ. ಜಗಲಿಯವರೆಗೂ ಬರಲಿಲ್ಲ. ಹತ್ತು ಮಾರು ದೂರದಲ್ಲೇ ಇಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಹೋದ. ನಿನ್ನೆ ಜಗಲಿಯ ಮೇಲೇ ನೀರಿಟ್ಟು ಆನೆಯ ಆಟ ಕಟ್ಟಿದವನು ಇವತ್ತು ಕಣ್ಣು ತಪ್ಪಿಸುತ್ತಾನಲ್ಲ ಅನ್ನಿಸಿತು. ಆಮೇಲೆ ನೋಡಿದರೆ ಬಚ್ಚಲ ಮುಂದೆ, ಮೆಟ್ಟಿಲು ಕಲ್ಲಿನ ಪಕ್ಕ, ಒಂದು ಬಿದಿರು ಬುಟ್ಟಿ ಬೋರಲು ಹಾಕಿದೆ. ಬುಟ್ಟಿಯ ಮೇಲೆ ಕಲ್ಲು, ಸುತ್ತ ಮುಳ್ಳಿನ ಕೊಂಬೆ. ಪಕ್ಕದ ಮುತ್ತುಗದ ಮರದ ಕೆಳಗೆ ಇವನು ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದಾನೆ. ಕಾಡು ಬಿಟ್ಟು ಬಂದ ಮುಸುವ ಕೋತಿಗಳನ್ನು ಕೋಲೆತ್ತಿ ಓಡಿಸುತ್ತಾನೆ, ಮತ್ತೆ ಅಲ್ಲೇ ಕೂರುತ್ತಾನೆ.

ಬಿಸಿಲೇರಿತು. ಸಂದಿಯಿಂದ ಇಣುಕಿದೆ. ಅತ್ತೆ ಖಾಲಿ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದರು. ತುಟಿಯ ಮೇಲೆ ಸಿಪ್ಪೆ ಎದ್ದಿತ್ತು. ಒಳಗೆ ಹೋಗಿ ಕಾಲು ಹಿಡಿದೆ.

"ಒಂದು ಗುಟುಕು ನೀರಾದ್ರೂ ಕುಡೀರಿ ಅತ್ತೆ. ಊರಿಗೆ ಹೋಗಿ ಮಠದ ಅಯ್ನೋರತ್ರ ಬೇರೆ ಕಟ್ಟಿಸಿಕೊಂಡ್ರಾಯ್ತು."

"ಹೊಸ್ದಾಗಿ ಕಟ್ಟಿಸ್ಕಳಕ್ಕೆ ನಾನೇನ್ ತೊಟ್ಲು ಕೂಸಾ? ನಮ್ಮಜ್ಜಿ ಕಾಲ್ದಲ್ಲಿ ಲಿಂಗ ಹೋದ್ರೆ ಪ್ರಾಣಾನೂ ಅದರ ಹಿಂದೇನೇ ಕಳಿಸ್ಬುಡ್ತಿದ್ರು." ಸ್ವಲ್ಪ ಸುಧಾರಿಸಿಕೊಂಡು ಕೇಳಿದರು: "ಗಂಟು ಗಟ್ಟಿ ಇತ್ತಲ್ವಾ?"

ಈಗಲಾದರೂ ಹೇಳಿಬಿಡಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಹೊಡೆಯುತ್ತಿರಲಿಲ್ಲ. ಬೈಯುತ್ತಿದ್ದರು, ಬೈಸಿಕೊಳ್ಳಬಹುದಿತ್ತು. ಆದರೆ ನನ್ನ ಸಡಿಲ ಗಂಟಿನಿಂದ ಮುದುಕಿಯ ಜೀವ ಹೋಯಿತು ಅನ್ನುವ ಮಾತು ಹರದನಹಳ್ಳಿಯ ಬೀದಿಯಲ್ಲಿ ಓಡಾಡುವುದನ್ನು ನಾನು ಆಗಲೇ ಕಿವಿಯಲ್ಲಿ ಕೇಳುತ್ತಿದ್ದೆ.

"ಗಟ್ಟಿನೇ ಇತ್ತು ಅತ್ತೆ. ಆ ಮೇಟಿನೇ ಕದ್ದಿರೋದು."

ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ಅದೇ ನಿಜ ಅನ್ನಿಸತೊಡಗಿತು. ದಾರಿಗೆ ಅಡ್ಡ ನಿಂತದ್ದು, ಕಣ್ಣು ತಪ್ಪಿಸಿದ್ದು, ಬುಟ್ಟಿ, ಮುಳ್ಳು, ಎಲ್ಲ ಸೇರಿಸಿ ಹೇಳಿದೆ. ಬೆಳ್ಳಿ ಕಂಡು ಆಸೆಬಿದ್ದಿದ್ದಾನೆ, ನಾವು ಆಚೆ ಹೋದ ತಕ್ಷಣ ಹಂಗಳಕ್ಕೆ ಸಾಗಿಸುತ್ತಾನೆ ಅಂದೆ.

"ಕಣ್ಣಾರೆ ಕಂಡ್ಯಾ?"

"ಕಾಣ್ಬೇಕಾ? ಗೊತ್ತಾಗಲ್ವಾ?"

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಸಿಟ್ಟು ನೆತ್ತಿಗೇರಿತ್ತು. ಧೈರ್ಯ ಮಾಡಿ ಬಚ್ಚಲ ಕಡೆ ಅರ್ಧ ದಾರಿ ಹೋಗಿ ಕೂಗಿದೆ: "ಬುಟ್ಟಿ ಕೆಳಗೇನಪ್ಪಾ ಅದು?"

ಅವನು ಹೌಹಾರಿ ಎದ್ದ. "ಏನಿಲ್ಲ ಬುಡಿ ಅವ್ವಾ! ನೀವು ಬರ್ಬಾರ್ದು ಇಲ್ಲಿಗೆ! ಓಗಿ, ಓಗಿ ಕುಂತ್ಕಳಿ!" ಕೋಲು ಅವನ ಕೈಯಲ್ಲೇ ಇತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ, ಆಚೆ ಬರೀ ಕಾಡು. ಹೆದರಿ ತಿರುಗಿದೆ. ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಅಂದಿದ್ದ ಯಜಮಾನರ ಸುಳಿವಿಲ್ಲ. ಮೇಟಿಯೂ ಊಟಕ್ಕೆ ಏಳಲಿಲ್ಲ. ಕಳ್ಳನಿಗೆ ಹಸಿವೂ ಆಗುವುದಿಲ್ಲವೇನೋ ಅಂದುಕೊಂಡೆ. ನನ್ನ ನಾಲಗೆ ಅಷ್ಟು ಉದ್ದವಿತ್ತು.

ಹೊತ್ತು ಪಡುವಣಕ್ಕೆ ವಾಲಿದಾಗ ಒಳಗೆ ಧೊಪ್ಪನೆ ಸದ್ದಾಯಿತು. ಅತ್ತೆ ಪಕ್ಕಕ್ಕೆ ಬಿದ್ದಿದ್ದರು. ಕೂಗಿದರೆ ಕಣ್ಣರೆಪ್ಪೆ ಅಲುಗುತ್ತದೆ, ತೆರೆಯುವುದಿಲ್ಲ. ಸೆರಗು ನೆನೆಸಿ ಮುಖ ಒರೆಸಿದೆ. ತುಟಿಯ ಹತ್ತಿರ ಒಯ್ದಾಗ ಮಾತ್ರ ಹಲ್ಲು ಕಚ್ಚಿಕೊಂಡರು. ಪ್ರಜ್ಞೆ ತಪ್ಪುತ್ತಿದ್ದರೂ ಆ ಹಟ ತಪ್ಪಲಿಲ್ಲ. ನನಗೆ ಆಗ ಆನೆಯ ನೆನಪೂ ಬರಲಿಲ್ಲ, ಹುಲಿಯ ನೆನಪೂ ಬರಲಿಲ್ಲ. ಕಂದಕದ ಮೇಲಿನ ಹಲಗೆ ದಾಟಿ, ಕಾಲಿಗೆ ಮುಳ್ಳು ಚುಚ್ಚಿದರೂ ನಿಲ್ಲದೆ ಊಟಿ ರಸ್ತೆಗೆ ಓಡಿದೆ. ಪುಣ್ಯಕ್ಕೆ ಲಾರಿ ಎದುರಿಗೇ ಬಂತು.

"ನಿಮ್ಮಮ್ಮ ಸಾಯ್ತಾವ್ರೆ! ಲಿಂಗ ಹೋಯ್ತು! ಆ ಮೇಟಿ ಕದ್ದು ಬುಟ್ಟಿ ಕೆಳಗೆ ಮಡಗಿದ್ದಾನೆ!" ಅಂತ ನಡುರಸ್ತೆಯಲ್ಲಿ ಅರಚಿದೆ. ಲಾರಿಯಲ್ಲಿದ್ದ ಕೂಲಿಯವರೆಲ್ಲ ಕೇಳಿಸಿಕೊಂಡರು.

ಯಜಮಾನರು ಯಾರ ಮೇಲೂ ಕೈಯೆತ್ತಿದವರಲ್ಲ. ಅವತ್ತು ಅಂಗಿಯ ತೋಳು ಮೇಲಕ್ಕೆ ಸರಿಸಿಕೊಂಡೇ ಬಚ್ಚಲ ಕಡೆ ನುಗ್ಗಿದರು. ಅವರನ್ನು ಕಂಡದ್ದೇ ಮೇಟಿ ಕೋಲು ಬಿಸಾಕಿ, ತಲೆವಸ್ತ್ರ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು ಎದುರಿಗೆ ಓಡಿಬಂದ. ಅವನ ಕಣ್ಣು ತುಂಬಿತ್ತು.

"ಬಂದ್ರಾ ಬುದ್ಧಿ! ಬೇಗ್ ಬನ್ನಿ. ನಿಮ್ ದೇವ್ರು ಬಿದ್ದೋಗೈತೆ. ಒತ್ತಾರೆಯಿಂದ ಕಾಯ್ತಾ ಕುಂತಿವ್ನಿ. ಮುಸುವ ಏನಾರ ಎತ್ಕೊಂಡೋಗ್ಬುಟ್ರೆ ಅಂತ ಮಕ್ಕರಿ ಬೋರ್ಲಾಕಿವ್ನಿ. ನಾನು ಮುಟ್ಟಿಲ್ಲ ಬುದ್ಧಿ, ನನ್ ಮಕ್ಕಳಾಣೆ ಮುಟ್ಟಿಲ್ಲ!"

ಯಜಮಾನರ ಕೈ ಇಳಿಯಿತು. ಮುಳ್ಳು ಸರಿಸಿ ಬುಟ್ಟಿ ಎತ್ತಿದರು. ಬಚ್ಚಲ ನೀರಿಗೆ ನೆನೆದ ಕೆಸರಿನಲ್ಲಿ ಕರಡಿಗೆ ಅರ್ಧ ಹೂತಿತ್ತು. ಪಕ್ಕದಲ್ಲೇ ದಾರ. ಎಲ್ಲೂ ಹರಿದಿರಲಿಲ್ಲ. ಎರಡು ತುದಿಯೂ ನೆಟ್ಟಗೆ, ನುಣ್ಣಗೆ, ಮೇಣ ಹೊಳೆಯುತ್ತಾ ಬಿದ್ದಿದ್ದವು.

"ನಮ್ಮ ಮನೆಯವರಿಗೆ ಹೇಳ್ಬಾರ್ದಾಗಿತ್ತೇನಯ್ಯಾ?" ಅಂದರು ಇವರು.

ಅವನು ತಲೆ ತಗ್ಗಿಸಿದ. ಚಿಕ್ಕವನಿದ್ದಾಗ ಅವನ ಊರಿನಲ್ಲಿ ಒಬ್ಬ ಯಜಮಾನರ ಲಿಂಗ ಕಣದಲ್ಲಿ ಬಿದ್ದಿತ್ತಂತೆ. ಇವನು ಎತ್ತಿ ಒರೆಸಿ ಕೊಟ್ಟನಂತೆ. ಮುಟ್ಟಿದ್ದಕ್ಕೆ ಬೆನ್ನಮೇಲೆ ಬಾಸುಂಡೆ ಬರುವ ಹಾಗೆ ಬಾರಿಸಿದರಂತೆ. "ಅದ್ಕೇ ಮುಟ್ನಿಲ್ಲ. ದೊಡ್ಡವ್ವಾರು ಬಾಗ್ಲು ಆಕ್ಕಂಡು ಒಳ್ಗವ್ರೆ, ನಾನ್ ಎಂಗೆ ಕರ್ಯದು? ಚಿಕ್ಕವ್ವಾರಿಗೆ ಏಳನ ಅಂದ್ರೆ ಅವ್ರು ತಲೆ ಬಿಟ್ಕಂಡು ಜಗ್ಲಿ ಮ್ಯಾಲೆ ಒರ್ಗೆ ಕುಂತವ್ರೆ. ಮುಟ್ಟಾಗಿರೋರು ದೇವ್ರನ್ನ ಮುಟ್ಬುಟ್ರೆ ಅಂತ…"

ನಮ್ಮಲ್ಲಿ ಆ ಹೊರಗೆ ಕೂರುವ ಪದ್ಧತಿಯೇ ಇಲ್ಲ. ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಅನ್ನುತ್ತಾರೆ ಹಿರಿಯರು. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಕೂತದ್ದು ಅತ್ತೆಗೆ ಮುಖ ತೋರಿಸಲಾರದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಅವನನ್ನು ಕಾಯುತ್ತಿದ್ದೆ, ಅವನು ನಮ್ಮ ದೇವರನ್ನು ಕಾಯುತ್ತಿದ್ದ, ಇಬ್ಬರೂ ಉಪವಾಸ.

ಅತ್ತೆಯನ್ನು ಎಬ್ಬಿಸಿ ಕೂರಿಸಿ ಕರಡಿಗೆಯನ್ನು ಕೈಗಿಟ್ಟಾಗ ಅವರು ಅದನ್ನು ಕಣ್ಣಿಗೊತ್ತಿಕೊಂಡರು. ನಾನು ಹಿಂದಿನಿಂದ ಹಿಡಿದುಕೊಂಡಿದ್ದೆ, ಅವರು ಪೂಜೆ ಮಾಡಿದರು. ಮೊದಲ ಗುಟುಕು ನೀರು ಇಳಿದಾಗ ಆ ಗಂಟಲು ಅಲುಗಿದ್ದನ್ನು ನೋಡಿ ನಾನು ಗೊಳೋ ಅಂತ ಅತ್ತುಬಿಟ್ಟೆ. ಬದುಕಿಕೊಂಡರಲ್ಲ, ಸಾಕಪ್ಪಾ ಅನ್ನಿಸಿತು.

ಇವರು ಆಚೆ ಹೋದ ಮೇಲೆ ಅತ್ತೆ ದಾರದ ಎರಡು ತುದಿಯನ್ನೂ ಬೆರಳಲ್ಲಿ ಸವರಿದರು.

"ಒಂದೇ ಸುತ್ತು ಹಾಕಿದ್ದೆ ಅಂತ ನಿನ್ನ ಮುಖ ನೋಡಿ ಬೆಳಗ್ಗೇನೇ ಗೊತ್ತಾಯ್ತು ಕಣಮ್ಮಿ. ನೀನಾಗೇ ಹೇಳೀಯಾ ಅಂತ ಕಾಯ್ದೆ. ನೀನು ಅವ್ನ ಮೇಲಾಕ್ಬುಟ್ಟೆ."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮುಂದೆ ಒಂದೂ ಬೈಯಲಿಲ್ಲ. ದಾರವನ್ನು ನನ್ನ ಕೈಗೇ ಕೊಟ್ಟು ಕತ್ತು ಬಗ್ಗಿಸಿದರು. ಎರಡು ಸುತ್ತು ಹಾಕಿ ಬಿಗಿದೆ.

ಮಾರನೆಯ ಬೆಳಿಗ್ಗೆ ಗಂಟುಮೂಟೆ ಕಟ್ಟಿ ಬಸ್ಸಿಗೆ ಕಾಯುತ್ತಿದ್ದಾಗ ಅತ್ತೆ ಅಂದರು: "ಹೋಗು. ಆ ಮನ್ಸನತ್ರ ತಪ್ಪಾಯ್ತು ಅಂದ್ಬುಟ್ಟು ಬಾ."

ಹೋದೆ. ಬಾಯಲ್ಲಿ ಮಾತು ಜೋಡಿಸಿಕೊಂಡೇ ಹೋದೆ. ಮೇಟಿ ಸೌದೆ ಒಡೆಯುತ್ತಿದ್ದವನು ನನ್ನನ್ನು ಕಂಡು ಕೊಡಲಿ ಕೆಳಗಿಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಎರಡು ಕೆನ್ನೆಗೂ ಬಡಿದುಕೊಂಡ.

"ತಪ್ಪಾಯ್ತು ಕಣವ್ವಾ. ದೊಡ್ಡವ್ವಾರು ಪೂಜೆ ಇಲ್ದೆ ನೀರೂ ಕುಡ್ದಿಲ್ಲ ಅಂತ ನಂಗೊತ್ತಿರ್ನಿಲ್ಲ. ಗೊತ್ತಿದ್ರೆ ರಸ್ತೆಗಾದ್ರೂ ಓಡೋಗಿ ಯಜಮಾನ್ರನ್ನ ಕರ್ಕಂಬತ್ತಿದ್ದೆ. ನಿಮ್ ಮ್ಯಾಲೂ ಕೂಗಾಡ್ಬುಟ್ಟೆ. ಪಾಪಿ ನಾನು. ವಟ್ಟೇಗಾಕ್ಕಳಿ."

ಕೈ ಮುಗಿದು ಬಗ್ಗಿ ನಿಂತ. ಅವನನ್ನು ಕಳ್ಳ ಅಂದದ್ದು ಅವನಿಗೆ ಗೊತ್ತಿರಲಿಲ್ಲ; ಕೇಳಿಸಿಕೊಂಡ ಕೂಲಿಯವರು ಲಾರಿಯಲ್ಲೇ ಮುಂದಕ್ಕೆ ಹೋಗಿದ್ದರು. ಗೊತ್ತುಮಾಡಬೇಕಾದವಳು ನಾನೊಬ್ಬಳೇ. ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

"ಪರವಾಗಿಲ್ಲ ಬುಡಪ್ಪಾ" ಅಂದೆ.

ಅಷ್ಟೇ ನಾನು ಅಂದದ್ದು. ಅವನ ಮುಖ ಅರಳಿತು. ನಮ್ಮ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಸ್ಸಿನವರೆಗೂ ತಂದುಕೊಟ್ಟ.

ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಬಸ್ಸು ಹೊರಟು ಹಂಗಳ ದಾಟಿದ ಮೇಲೆ ಕೇಳಿದರು: "ಅಂದ್ಯಾ?"

"ಅಂದೆ ಅತ್ತೆ."

ಅವರು ನನ್ನ ಕಡೆ ತಿರುಗಲಿಲ್ಲ. ಸೆರಗಿನೊಳಗೆ ಕೈಹಾಕಿ, ನಾನು ಕಟ್ಟಿದ ಗಂಟನ್ನು ಒಮ್ಮೆ ಜಗ್ಗಿ ನೋಡಿಕೊಂಡರು.